ಕೊನೆಯಲ್ಲಿ ರಮಾದೇವಿ ಮೇಡಂ ಹೆಸರು

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ರಮಾದೇವಿ ಮೇಡಂ ಜೀವಮಾನದಲ್ಲಿ ಒಂದು ಮರುವಾಯಿ ಬಾಯಿಗಿಟ್ಟವರಲ್ಲ. ಅರ್ಚಕರ ಮಗಳು, ಮನೆಯಲ್ಲಿ ಬೆಳ್ಳುಳ್ಳಿಯೂ ಇಲ್ಲ. ಆದರೆ ಹೊಳೆಯ ಮರಳಿನಡಿ ಬದುಕುವ ಆ ಚಿಪ್ಪಿನ ಪ್ರಾಣಿಯ ವಿಷಯ ತೆಗೆದರೆ ಊಟ ಬಿಟ್ಟು ಮಾತಾಡುತ್ತಾರೆ. ನಾನು ರಸಾಯನಶಾಸ್ತ್ರ ಕಲಿಸುವವಳು. ಕಾಲೇಜಿರುವ ಕೊಡಿಯಾಲ್‌ಬೈಲಿಗೆ ಹೋಗಲು ನಮ್ಮಿಬ್ಬರದೂ ಒಂದೇ ಬಸ್ಸು. ಅವರು ಶಕ್ತಿನಗರದಲ್ಲಿ ಹತ್ತಿ, ಬಿಕರ್ನಕಟ್ಟೆಯಲ್ಲಿ ಹತ್ತುವ ನನಗೆ ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟು ಜಾಗ ಹಿಡಿದಿರುತ್ತಾರೆ.

ಕಟ್ಟುನಿಟ್ಟಿನ ಹೆಂಗಸು. ರೆಕಾರ್ಡಿನಲ್ಲಿ ಪಕ್ಕದವನ ಚಿತ್ರ ನೋಡಿ ಬರೆದವನನ್ನು ಎದ್ದು ನಿಲ್ಲಿಸಿ, "ಕಪ್ಪೆಯ ಹೃದಯ ನೀನು ನೋಡಿದ್ದಾ, ಅವನು ನೋಡಿದ್ದಾ?" ಎಂದು ಕೇಳಿದರೆ ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ಅಂಥವರ ವಿಭಾಗದಲ್ಲೇ ಒಂದು ಪದ್ಧತಿ ಬೆಳೆದುಬಂದಿತ್ತು. ಯಾರು ಸಂಶೋಧನಾ ಲೇಖನ ಬರೆದರೂ ಲೇಖಕರ ಸಾಲಿನ ಕೊನೆಯಲ್ಲಿ ಮೇಡಂ ಹೆಸರು. ಬಾಳೆಲೆಗೆ ಮೊದಲು ಉಪ್ಪು ಬಡಿಸುತ್ತೇವಲ್ಲ, ಅಷ್ಟೇ ಸಹಜ. ಅದಕ್ಕೆ ಗುರುಭಕ್ತಿ ಎಂದು ಚಂದದ ಹೆಸರು ಬೇರೆ. ನನಗೆ ಈ ಗುರುಭಕ್ತಿ ಕಂಡರೆ ಮೊದಲಿನಿಂದಲೂ ಆಗುವುದಿಲ್ಲ. ಒಂದೆರಡು ಸಲ ಹೇಳಿಯೂ ನೋಡಿದೆ.

"ಮಕ್ಕಳು ಪ್ರೀತಿಯಿಂದ ಹಾಕ್ತಾರೆ ಕುಶಲಾ. ಬೇಡ ಹೇಳಿದ್ರೆ ಬೇಜಾರು ಮಾಡ್ಕೊಳ್ತಾರೆ" ಎಂದು ನಕ್ಕುಬಿಟ್ಟರು.

ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದವನು ಮುಖೇಶ. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದವನು, ಈಜು ಕಲಿತ ಮೇಲೆ ಅಕ್ಷರ ಕಲಿತವನು. ಮರುವಾಯಿಯ ಮಾಂಸದ ತೂಕ ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿಯುತ್ತದೆ ಎಂಬುದು ಅವನ ವಿಷಯ. ಅದರ ಮೇಲೊಂದು ಲೇಖನವನ್ನು ಹೊರದೇಶದ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳುಹಿಸಲು ಸಿದ್ಧ ಮಾಡಿದ. ಹೆಸರಿರುವ ಪ್ರತಿಯೊಬ್ಬರೂ 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ತಾವೇ ತಿಳಿಸಬೇಕು ಎಂಬುದು ಆ ಪತ್ರಿಕೆಯ ನಿಯಮ. ಲೇಖನ ಕಳುಹಿಸುವ ಮೊದಲೇ ಮೊಬೈಲಿಗೆ ಬಂದ ಇಮೇಲಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು.

ಆ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ನಾವಿಬ್ಬರೂ ಬುತ್ತಿ ಬಿಚ್ಚಿ ಕುಳಿತಿದ್ದೆವು. ಮುಖೇಶ ಕಾಗದಗಳ ಕಟ್ಟು ಹಿಡಿದು ಬಂದ.

"ಮೇಡಂ, ಒಮ್ಮೆ ನೋಡ್ತೀರಾ? ಒಂದು ಕೇಳ್ಲಿಕ್ಕೂ ಉಂಟು."

ಮೇಡಂ ಕೈ ಮೊಸರನ್ನದಲ್ಲಿತ್ತು. "ಎಂತ ನೋಡುದು ಮಾರಾಯ, ನೀನು ಮಾಡಿದ್ದಲ್ವಾ? ಮೊಬೈಲ್ ಅಲ್ಲುಂಟು, ನೀನೇ ಒತ್ತಿಬಿಡು."

ಅವನು ಕೈಯಲ್ಲಿದ್ದ ಕಟ್ಟನ್ನು ಒಮ್ಮೆ ನೋಡಿದ. ಆಮೇಲೆ ಒತ್ತಿದ.

ಲೇಖನ ಅಚ್ಚಾಯಿತು. ವಿಭಾಗದವರು ಕೇಕ್ ತಂದರು. ಪ್ರಿನ್ಸಿಪಾಲ್ ಸೆವರಿನ್ ಸರ್ ಸಭೆಯಲ್ಲಿ ಮೇಡಮ್ಮಿಗೆ ಶಾಲು ಹೊದಿಸಿದರು. ಕೆಲವು ತಿಂಗಳು ಕಳೆದು ಪತ್ರಿಕೆಯ ಸಂಪಾದಕರಿಂದ ಮುಖೇಶ, ಮೇಡಂ ಇಬ್ಬರಿಗೂ ಇಮೇಲ್ ಬಂತು. ಮರುವಾಯಿಯನ್ನೇ ಅಭ್ಯಾಸ ಮಾಡುವ ಕೇರಳದ ಓದುಗರೊಬ್ಬರು ಒಂದು ಸಂಶಯ ಎತ್ತಿದ್ದಾರೆ: ಜುಲೈಯಲ್ಲಿ ತುಂಬಿ ಹರಿಯುವ ಹೊಳೆಯಿಂದ ವಾರ ವಾರವೂ ಇಷ್ಟು ಮರುವಾಯಿ ಹೇಗೆ ತೆಗೆದಿರಿ? ದಯವಿಟ್ಟು ಮೂಲ ಅಳತೆಗಳನ್ನು ಕಳುಹಿಸಿ.

ಬಸ್ಸಿನಲ್ಲಿ ಮೇಡಂ ಅದನ್ನು ನನಗೆ ತೋರಿಸಿದರು. ಜಡಿಮಳೆಯ ಆಟಿ ತಿಂಗಳ ಕೆಂಪು ನೀರಿಗೆ ಮರುವಾಯಿ ಹೆಕ್ಕಲು ಯಾರು ಇಳಿಯುತ್ತಾರೆ? ನಮ್ಮೂರಿನ ಯಾವ ಮಗುವನ್ನು ಕೇಳಿದರೂ ನಕ್ಕೀತು. ಲೇಖನದ ಎರಡನೇ ಪುಟದಲ್ಲೇ ಅದು ಎದ್ದು ಕಾಣುತ್ತಿತ್ತು. ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು.

"ನಾನು ಓದ್ಲೇ ಇಲ್ಲ ಕುಶಲಾ" ಎಂದು ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ನಾನು ಪಕ್ಕದಲ್ಲಿ ಕುಳಿತಿರುವುದೇ ಅವರಿಗೆ ಹಿಂಸೆಯಾಗಿದೆ ಎಂದು ಗೊತ್ತಾಯಿತು. ಆದರೂ ಇಳಿದು ಹೋಗುವ ಹಾಗಿರಲಿಲ್ಲ.

ಕಾಲೇಜಿಗೆ ಹೋದವರೇ ಮುಖೇಶನನ್ನು ಕರೆಸಿದರು. ನಾನು ಏಳಹೊರಟೆ. "ನೀನು ಕೂತ್ಕೊ" ಎಂದರು.

ಅವನು ಸುಳ್ಳು ಹೇಳಲಿಲ್ಲ. "ಮಳೆಗಾಲದ ತಿಂಗಳುಗಳದ್ದು ಅಳೆಯದೆ ನಾನೇ ಬರ್ದದ್ದು ಮೇಡಂ. ದೋಣಿ ಇಳಿಸ್ಲಿಕ್ಕೆ ಆಗ್ಲಿಲ್ಲ. ವರ್ಷ ಪೂರ್ತಿ ಇಲ್ಲದಿದ್ರೆ ಪತ್ರಿಕೆಯವರು ತಗೊಳ್ಳುದಿಲ್ಲ ಅಂತ ಹೆದರಿದೆ. ನಿಮಗೆ ಎಂತದೂ ಗೊತ್ತಿರ್ಲಿಲ್ಲ ಅಂತ ನಾನೇ ಬರೀತೇನೆ. ನಿಮ್ಮ ಹೆಸರು ಹಾಳಾಗುದು ಬೇಡ."

"ಮೋಸ ಮಾಡ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು ನಿಂಗೆ?" ಮೇಡಂ ಕೇಳಿದರು. "ನನ್ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

ಅವನು ನೆಲ ನೋಡುತ್ತಲೇ ಹೇಳಿದ. "ಆ ದಿನ ಎರಡು ಪ್ರತಿ ತಂದಿದ್ದೆ ಮೇಡಂ. ಒಂದರಲ್ಲಿ ಮಳೆಗಾಲ ಖಾಲಿ ಬಿಟ್ಟಿದ್ದೆ. ಯಾವುದು ಕಳಿಸುದು ಅಂತ ಕೇಳ್ಲಿಕ್ಕೇ ಬಂದದ್ದು."

ಮುಖೇಶನ ಮೇಲೆ ನನಗೆ ಸಿಟ್ಟು ಇದೆ, ಈಗಲೂ ಇದೆ. ಮೇಡಂ ಆ ದಿನ ಕಿವಿಗೊಡದಿದ್ದರೆ ಮರುದಿನ ಬಂದು ಕೇಳಬಹುದಿತ್ತು. ಕಳ್ಳನಿಗೊಂದು ಪಿಳ್ಳೆ ನೆವ. ಆದರೆ ಆ ಹೊತ್ತಿಗೆ ಅವನನ್ನು ಬೈಯುವ ಬಾಯಿ ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು, ಹೋಗು ಎಂದು ಕೈ ಮಾಡಿದರು.

ಸೆವರಿನ್ ಸರ್ ಒಳ್ಳೆಯ ಮನಸ್ಸಿನಿಂದಲೇ ಉಪಾಯ ಹೇಳಿದರು. "ಅವನೇ ಒಪ್ಪಿಕೊಂಡಿದ್ದಾನಲ್ಲ ಮೇಡಂ, ನಿಮಗೆಂತಕ್ಕೆ ತಲೆಬಿಸಿ? 'ಅಂಕಿ ಸುಳ್ಳೆಂದು ನನಗೆ ತಿಳಿದಿರಲಿಲ್ಲ' ಅಂತ ಒಂದು ಗೆರೆ ಬರೀರಿ. ಬರುವ ವರ್ಷ ರಿಟೈರ್ ಆಗ್ತೀರಿ, ಗೌರವದಲ್ಲಿ ಹೋಗಿ."

ಆ ಗೆರೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಕಷ್ಟ. ಅದನ್ನು ಬರೆದರೆ ಮುಖೇಶ ಒಬ್ಬನೇ ಮುಳುಗುತ್ತಾನೆ, ಮೇಡಂ ಮೋಸ ಹೋದ ಪಾಪದ ಗುರುವಾಗಿ ದಡ ಸೇರುತ್ತಾರೆ. ಓದದೆ ಹೆಸರು ಹಾಕಿಸಿಕೊಂಡೆ ಎಂದು ಬರೆದರೆ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಅವನ ಜೊತೆಗೇ ಮಣ್ಣುಪಾಲು.

ಭಾನುವಾರ ಅವರ ಮನೆಗೆ ಹೋದಾಗ ಉತ್ತರ ಬರೆದು ಮುಗಿಸಿದ್ದರು. ಇಂಗ್ಲಿಷ್ ಸರಿ ಉಂಟಾ ನೋಡು ಎಂದು ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ಮಳೆಗಾಲದ ಅಂಕಿಗಳು ಸುಳ್ಳು, ಲೇಖನವನ್ನು ಹಿಂತೆಗೆದುಕೊಳ್ಳಿ ಎಂದಿತ್ತು. ಅದರ ಕೆಳಗೆ: ಈ ಲೇಖನಕ್ಕಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಇದನ್ನು ಓದಿಯೂ ಇಲ್ಲ. ಓದಿದ್ದೇನೆ ಎಂಬ ಒಪ್ಪಿಗೆಯನ್ನು ನನ್ನ ವಿದ್ಯಾರ್ಥಿಯ ಕೈಯಿಂದಲೇ ಒತ್ತಿಸಿದ್ದೇನೆ. ತಿದ್ದುವಂಥದ್ದು ಏನೂ ಇರಲಿಲ್ಲ. ಅವರು ಬಗ್ಗಿ, ತಮ್ಮ ಕೈಯಾರೆ ಕಳುಹಿಸಿದರು.

ನನಗೆ ಅವರ ಮೇಲೆ ಅಭಿಮಾನ ಉಕ್ಕಿ ಬಂತು. "ಇನ್ನು ಬಿಡಿ ಮೇಡಂ, ಮುಗೀತಲ್ಲ" ಎಂದೆ.

"ಎಲ್ಲಿ ಮುಗೀತು ಕುಶಲಾ? ಉಳಿದ ಲೇಖನಗಳಲ್ಲೂ ನನ್ನ ಹೆಸರು ಉಂಟಲ್ಲ."

ಕೇಳಬಾರದಿತ್ತು, ಬಾಯಿ ತಪ್ಪಿ ಕೇಳಿಬಿಟ್ಟೆ. "ಅದರಲ್ಲಿ ನೀವು ಓದಿದ್ದು ಯಾವುದೆಲ್ಲ?"

ಮೇಡಂ ಕುರ್ಚಿ ಎಳೆದು ಕುಳಿತರು. ಒಂದೊಂದನ್ನೇ ನೆನಪಿಸಿಕೊಳ್ಳುವವರಂತೆ ತುಟಿ ಅಲುಗುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

"ಮೊದಲ್ನೇದೊಂದು ಓದಿದ್ದೆ" ಎಂದರು. "ಅದು ನಾನೇ ಬರ್ದದ್ದು."