ಹಳೇಬೀಡು ಹೇಳದ ದಾರಿ

ಅವತ್ತು ಬೇಲೂರಿನಲ್ಲಿ ಇಂಟರ್ನೆಟ್ ನಿಂತದ್ದು ಜಾವಗಲ್ ಹತ್ತಿರ ಜೆಸಿಬಿ ಕೇಬಲ್ ಕಿತ್ತದ್ದರಿಂದ ಎಂದು ನೆಟ್ ಕೊಡುವ ನಮ್ಮ ಕಂಪನಿಯವರು ಈಗಲೂ ಹೇಳುತ್ತಾರೆ. ಸರಿ, ಒಂದೇ ಪ್ರಶ್ನೆ: ನಮ್ಮ ಕೇಬಲ್ ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿಗೆ ಬಂದು, ಆಮೇಲೆ ತಾನೇ ಬೇಲೂರು ಮುಟ್ಟುವುದು? ಹಾಗಿದ್ದರೆ ಹಳೇಬೀಡಿನಲ್ಲಿ ನೆಟ್ ಹೇಗೆ ಓಡುತ್ತಿತ್ತು?

ಕಂಪನಿಯ ಮಾಲೀಕರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳು. ಮಂಡಿಯ ಸುದ್ದಿಯನ್ನು ಹಳೇಬೀಡಿನವರಿಗೆ ಹೇಳಿದರೆ ಸಾಕು, ಅವರು ಬೇಲೂರಿಗೆ ಮುಟ್ಟಿಸುತ್ತಾರೆ. ತಾತನ ಕಾಲದಿಂದ ಹಾಗೆಯೇ. ಆ ಮನೆಯವರೇ ಆದ ಹಿರಿಯ ಎಂಜಿನಿಯರು ನೆಟ್‌ಗೆ ದಾರಿ ತೋರಿಸುವ ರೌಟರ್‌ಗಳನ್ನೂ ಹಾಗೆಯೇ ಕಟ್ಟಿದರು. ಅವತ್ತು ಅಂಗಡಿಗಳು ಊಟಕ್ಕೆ ಬಾಗಿಲು ಹಾಕುವ ಹೊತ್ತು ನೋಡಿ ಹಳೆಯ ಏರ್ಪಾಟು ತೆಗೆದು, ಮೂರೂ ಊರಿನ ರೌಟರ್‌ಗಳು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ಐಬಿಜಿಪಿ ಎಂಬ ಹೊಸ ಏರ್ಪಾಟು ಹಾಕಿದರು. ಅರಸೀಕೆರೆ ಹಳೇಬೀಡಿಗೆ ಹೇಳಿತು. ಹಳೇಬೀಡು ಅದನ್ನು ಬೇಲೂರಿಗೆ ದಾಟಿಸದೆ ಸುಮ್ಮನಾಯಿತು.

ನಾನು ಬೇಲೂರು ಶಾಖೆಯಿಂದ ಫೋನ್ ಮಾಡಿದೆ. "ಸರ್, ಅರಸೀಕೆರೆ ನೇರವಾಗಿ ಬೇಲೂರಿನ ಜೊತೆನೂ ಮಾತಾಡಬೇಕು. ಅದಕ್ಕೆ ಎರಡೂ ಕಡೆ ರೌಟರಲ್ಲಿ ಒಂದೊಂದು, ಎರಡು ಸಾಲು ಸೇರಿಸಿ."

"ಹಳೇಬೀಡಿಗೆ ಗೊತ್ತೈತೆ ಕಣಮ್ಮ. ಅದು ಹೇಳ್ತೈತೆ, ತಡಿ."

"ಹೇಳಲ್ಲ ಸರ್. ಒಳಗಿನವರಿಂದ ಕೇಳಿದ್ದನ್ನ ಇನ್ನೊಬ್ಬ ಒಳಗಿನವರಿಗೆ ದಾಟಿಸಬಾರದು ಅನ್ನೋದೇ ಇದರ ನಿಯಮ."

"ಇಂಥ ನಿಯಮ ಯಾವ ಮನೇಲೈತೆ? ಚರ್ಚಾಸ್ಪರ್ಧೆಗೆ ಬಂದಿದ್ದೀಯಾ?"

ಚರ್ಚೆಯಾಗಿದ್ದರೆ ಗೆದ್ದಿರುತ್ತಿದ್ದೆ. ಆದರೆ ಶಾಖೆಯವರಿಗೆ ರೌಟರ್‌ನ ಒಳಗನ್ನು ನೋಡುವ ಪಾಸ್‌ವರ್ಡ್ ಮಾತ್ರ ಇತ್ತು. ಮುಟ್ಟುವ ಪಾಸ್‌ವರ್ಡ್ ಇದ್ದದ್ದು ಅವರೊಬ್ಬರ ಹತ್ತಿರ. ಏನು ಕೆಟ್ಟಿದೆ, ಏನು ಬರೆದರೆ ಸರಿಹೋಗುತ್ತದೆ, ಎರಡೂ ಗೊತ್ತಿದ್ದು ನಾನು ಪರದೆ ನೋಡುತ್ತಾ ಕೂತಿದ್ದೆ. ಬಂದ ದಾರಿಗಳು: ಸೊನ್ನೆ. ರೌಟರನ್ನು ಮತ್ತೆ ಕೇಳಿದೆ. ಸೊನ್ನೆ.

ಪಕ್ಕದ ಕೋಣೆಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಸೆರಗಿಗೆ ಪಿನ್ನು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ತುಮಕೂರಿನ ಕಾಲೇಜೊಂದರಲ್ಲಿ ಲೈಬ್ರೇರಿಯನ್ ಕೆಲಸಕ್ಕೆ ಮೂರು ಗಂಟೆಗೆ ವಿಡಿಯೋ ಸಂದರ್ಶನ. ಮೊಬೈಲಿನಲ್ಲಿ ಮುಖ ಬಂದರೆ ಮಾತು ಬರದು ಎಂದು ನಮ್ಮ ಆಫೀಸಿಗೇ ಬಂದಿದ್ದಳು.

"ಬಂತಾ ಅಕ್ಕ?"

"ಇನ್ನೂ ಇಲ್ಲ."

"ನಿಮ್ಮಲ್ಲೇ ಇಲ್ಲ ಅಂದ್ರೆ, ಹಾಲಿನ ಡೈರೀಲಿ ಮಜ್ಜಿಗೆ ಇಲ್ಲ ಅಂದಂಗಾಯ್ತು," ಎಂದು ನಕ್ಕಳು. ಮೂರು ದಾಟಿದ ಮೇಲೆ ನಗಲಿಲ್ಲ. ಮೊಬೈಲಿನಲ್ಲಿ ಒಮ್ಮೆ ಸಿಕ್ಕಿತು. "ಕೇಳಿಸ್ತಾ ಇದೆಯೇನಮ್ಮ?" ಎಂದು ಅತ್ತಲಿಂದ ಒಬ್ಬರು ಕೇಳಿದರು, ಇವಳು "ಹೂಂ ಸರ್" ಎನ್ನುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಆಮೇಲೆ ಕಾಲೇಜಿನಿಂದ ಸಂದೇಶ ಬಂತು: ಮುಂದಿನವರನ್ನು ಕರೆದಿದ್ದೇವೆ.

ಕೊನೆಗೆ ಎಂಜಿನಿಯರು ನಾನು ಹೇಳಿದ ಎರಡು ಸಾಲನ್ನೇ ಹಾಕಿದರು. ದಾರಿಗಳು ದಬದಬನೆ ಬಂದು ಬಿದ್ದವು. ಅವಳು ಪಿನ್ನು ಬಿಚ್ಚುತ್ತಿದ್ದಳು.

ಎಂಜಿನಿಯರಿಗೆ ಮತ್ತೆ ಫೋನ್ ಮಾಡಿದೆ.

"ಬಂತಲ್ಲಮ್ಮ, ಇನ್ನೇನು?" ಎಂದರು.

"ಸರ್, ತಪ್ಪು ನಮ್ಮದು, ಆ ಹುಡುಗೀದಲ್ಲ, ಇನ್ನೊಂದು ಸಲ ಕರೀರಿ ಅಂತ ಆ ಕಾಲೇಜಿಗೆ ನಿಮ್ಮ ಹೆಸರಲ್ಲಿ ಒಂದು ಮಾತು ಬರೀತೀರಾ?"