ರಮ್ಮು ಹಾಕಿದ ಕರಿ ಉಂಡೆ

ಲಕ್ಷ್ಮಯ್ಯ ಮಿಲಿಟರಿ ಮೆಸ್ಸಿನ ಅಡಿಗೆ ಕೆಲಸ ಬಿಟ್ಟು ನಂದಗುಡಿ ಹತ್ತಿರದ ತನ್ನ ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಒಂದು ದಿನವೂ ಅವನು ಒಲೆಯ ಮುಂದೆ ಕೂತವನಲ್ಲ. ಹೆಂಡತಿ ಸಪ್ಪಲಮ್ಮನಿಗೆ ಇದು ಮೊದಮೊದಲು ಸೋಜಿಗವಾಗಿತ್ತು, ಆಮೇಲೆ ಬೇಸರವಾಯಿತು. ಈಗ ಅದನ್ನು ನೆನೆಸಿಕೊಳ್ಳುವುದಕ್ಕೂ ಅವಳಿಗೆ ಸುಸ್ತು.

ಸುಸ್ತಿಗೆ ಕಾರಣಗಳಿದ್ದವು. ಮದುವೆಯಾದ ಮರುವರ್ಷವೇ ಗಂಡ ಬೆಂಗಳೂರಿನ ದಂಡಿನ ಕಡೆ ಹೋದವನು, ಪಲ್ಟಣ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತಾ, ಯುಗಾದಿಗೋ ಗೌರಿ ಹಬ್ಬಕ್ಕೋ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹೊಲದ ರಾಗಿ, ಎರಡು ಹಸು, ಹಾಸಿಗೆ ಹಿಡಿದ ಅತ್ತೆ ಎಲ್ಲ ಸಪ್ಪಲಮ್ಮನ ಪಾಲಿಗೆ ಬಿದ್ದಿತ್ತು. ಒಬ್ಬಳೇ ಮಗಳನ್ನು ಹತ್ತಿರದ ವಿಜಯಪುರದ ರೇಷ್ಮೆ ನೂಲು ಬಿಚ್ಚುವವರ ಮನೆಗೆ ಕೊಟ್ಟಿದ್ದೂ ಅವಳೇ ನಿಂತು. ಈಗ ಬೆಳಿಗ್ಗೆ ಚಾಪೆಯಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ.

ಲಕ್ಷ್ಮಯ್ಯನೂ ಗಟ್ಟಿಮುಟ್ಟಾಗಿ ಬಂದಿರಲಿಲ್ಲ. ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಮೀನಖಂಡದ ನರಗಳು ನೀಲಿಗಟ್ಟಿ ಗಂಟುಗಂಟಾಗಿದ್ದವು. ಹಗಲೆಲ್ಲ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ತಟ್ಟೆಗೆ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಸಾರು ಚೆನ್ನಾಗಿದೆ ಅನ್ನುವುದಿಲ್ಲ, ಕೆಟ್ಟಿದೆ ಅಂತಲೂ ಅನ್ನುವುದಿಲ್ಲ. ದೊಡ್ಡ ದೊಡ್ಡ ಸಾಹೇಬರಿಗೆ ಬೇಯಿಸಿ ಹಾಕಿದವನಿಗೆ ತನ್ನ ಕೈ ಅಡಿಗೆ ಯಾವ ಲೆಕ್ಕ ಎಂದುಕೊಂಡು ಸಪ್ಪಲಮ್ಮ ಕೇಳುವುದನ್ನೇ ಬಿಟ್ಟಿದ್ದಳು.

ಎಪ್ಪತ್ತೆರಡನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ, ಕಣದಲ್ಲಿ ರಾಗಿ ಬಡಿಯುವ ಕೆಲಸ ಅರ್ಧಕ್ಕೆ ಬಂದಿದ್ದಾಗ, ಒಂದು ಜೀಪು ಮನೆ ಮುಂದೆ ನಿಂತಿತು. ಇಳಿದವನು ಪಾಪಯ್ಯ, ಕರ್ನಲ್ ಸಾಹೇಬರ ಡ್ರೈವರು. ಲಕ್ಷ್ಮಯ್ಯ ಹೆಚ್ಚು ಕಾಲ ಅಡಿಗೆ ಮಾಡಿದ್ದು ಈ ಕರ್ನಲ್ಲರ ಮೆಸ್ಸಿನಲ್ಲೇ. ಅವರೀಗ ನಿವೃತ್ತರಾಗಿ ದೇವನಹಳ್ಳಿ ಹತ್ತಿರ ದ್ರಾಕ್ಷಿ ತೋಟ ಮಾಡಿಕೊಂಡಿದ್ದರು. ಅವರ ಒಬ್ಬನೇ ಮಗ ಕ್ಯಾಪ್ಟನ್; ಹಿಂದಿನ ತಿಂಗಳ ಯುದ್ಧದಲ್ಲಿ ಶೆಲ್ಲಿನ ಚೂರು ಕಾಲಿಗೆ ಹೊಕ್ಕು, ಆಪರೇಷನ್ ಆಗಿ, ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿದ್ದಾನಂತೆ. ಏನು ಕೊಟ್ಟರೂ ಮುಖ ತಿರುಗಿಸುತ್ತಾನಂತೆ. ಮೊನ್ನೆ ಬಾಯಿಬಿಟ್ಟು ಒಂದೇ ಒಂದು ತಿಂಡಿ ಕೇಳಿದನಂತೆ, ಲಕ್ಷ್ಮಯ್ಯ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದ ಚಾಕಲೇಟ್ ಉಂಡೆ.

ಮೆಸ್ಸಿನಲ್ಲಿ ಅದಕ್ಕೆ ಟ್ರಫಲ್ ಅನ್ನುತ್ತಿದ್ದರು. ಲಕ್ಷ್ಮಯ್ಯನ ನಾಲಿಗೆಯಲ್ಲಿ ಅದು ಟ್ರಪ್ಪಲ್ಲು. ಅದಕ್ಕೆ ಬೇಕಾದ್ದನ್ನೆಲ್ಲ ಕರ್ನಲ್ಲರ ಹೆಂಡತಿ ಅಮ್ಮಾವರು ಕಟ್ಟಿಸಿ ಕಳಿಸಿದ್ದರು: ಕಪ್ಪು ಚಾಕಲೇಟಿನ ಹಲಗೆಗಳು, ಕೋಕೋ ಪುಡಿಯ ಡಬ್ಬಿ, ಗೋಡಂಬಿ ಪೊಟ್ಟಣ, ಒಂದು ಬಾಟಲಿ ರಮ್ಮು. ನಾಡಿದ್ದು ಬಂದು ಒಯ್ಯುತ್ತೇನೆ ಎಂದು ಹೇಳಿ ಪಾಪಯ್ಯ ಹೊರಟುಹೋದ.

ಬಾಟಲಿ ಕಂಡದ್ದೇ ಸಪ್ಪಲಮ್ಮ ಹೊಸಿಲಿಗೆ ಅಡ್ಡ ನಿಂತಳು. ಅವಳ ಅಪ್ಪ ಸಾರಾಯಿ ಕುಡಿದು ಕುಡಿದು ಹೊಟ್ಟೆ ಊದಿ ಸತ್ತವನು. ಮದುವೆಯಾದ ಹೊಸದರಲ್ಲೇ ಅವಳು ಗಂಡನಿಗೆ ಹೇಳಿದ್ದಳು, ದಂಡಿನಲ್ಲಿ ಏನಾದರೂ ಮಾಡಿಕೋ, ಈ ಮನೆಯೊಳಕ್ಕೆ ಅದು ಬರಕೂಡದು ಎಂದು. ಲಕ್ಷ್ಮಯ್ಯ ಆ ಮಾತು ಮೀರಿರಲಿಲ್ಲ.

“ಹುಡುಗ ಕಾಲಿಗೆ ಏಟಾಗಿ ಮಲಗವ್ನೆ,” ಎಂದ ಲಕ್ಷ್ಮಯ್ಯ. “ಔಷಧಿ ಅಂತ ತಿಳ್ಕೊ.”

ಜಗಳವಾಡುವ ಶಕ್ತಿ ಅವಳಿಗಿರಲಿಲ್ಲ. ಬಾಟಲಿ ಕೊಟ್ಟಿಗೆಯಲ್ಲಿರಲಿ, ಒಳಗೆ ಬೇಡ ಎಂದಷ್ಟೇ ಹೇಳಿ ಕಣಕ್ಕೆ ಹೋದಳು.

ಮರುದಿನ ಹಾಲು ಕರೆದು, ಹಿಂದಿನ ದಿನದ ಕೆನೆ ತೆಗೆದು ಅವನ ಮುಂದಿಟ್ಟಳು. ಲಕ್ಷ್ಮಯ್ಯ ಚಾಕಲೇಟನ್ನು ಸಣ್ಣಗೆ ಕೊಚ್ಚಿ ಅಗಲದ ಪಾತ್ರೆಗೆ ಹಾಕಿಕೊಂಡು, ಕೆನೆಯನ್ನು ಒಲೆಯ ಮೇಲಿಟ್ಟು ಕೂತ. ಗಂಡ ಒಲೆಯ ಮುಂದೆ ಕೂತದ್ದನ್ನು ಎರಡು ಗಳಿಗೆ ನಿಂತು ನೋಡಿ ಸಪ್ಪಲಮ್ಮ ಸಗಣಿ ಬಾಚಲು ಹೋದಳು. ಬಾಚುತ್ತಿದ್ದ ಹಾಗೇ ಸೀದ ವಾಸನೆ ಮೂಗಿಗೆ ಬಡಿಯಿತು. ಕೊಟ್ಟಿಗೆಯವರೆಗೆ ಬಂದಿದೆ ಎಂದರೆ ಒಳಗೆ ಇನ್ನೆಷ್ಟಿರಬೇಕು. ಮಂಡಿ ನೋವು ಮರೆತು ಓಡಿದಳು. ಪಾತ್ರೆಯ ತಳ ಕರಕಲಾಗಿತ್ತು. ಲಕ್ಷ್ಮಯ್ಯ ಅದರ ಪಕ್ಕದಲ್ಲೇ ಕೂತು, ಏನೂ ಆಗಿಲ್ಲದವನ ಹಾಗೆ, ಆ ಕೆನೆಯನ್ನು ಚಾಕಲೇಟಿನ ಮೇಲೆ ಸುರಿಯಲು ಬಟ್ಟೆ ಹಿಡಿದು ಕೈ ಚಾಚಿದ್ದ.

ಅವಳು ಸೆರಗಿನಲ್ಲೇ ಪಾತ್ರೆ ಕಿತ್ತುಕೊಂಡಳು. “ಸೀದೋಗೈತೆ. ಗೊತ್ತಾಗ್ಲಿಲ್ವಾ?”

ಲಕ್ಷ್ಮಯ್ಯ ಪಾತ್ರೆಯನ್ನು ನೋಡಿದ, ಅವಳನ್ನು ನೋಡಿದ. “ಇಲ್ಲ,” ಎಂದ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, “ನಂಗೆ ವಾಸ್ನೆ ಬರಾಕಿಲ್ಲ ಕಣೆ,” ಎಂದ.

ಆಮೇಲೆ ಎಲ್ಲ ಹೇಳಿದ. ಕೆಲಸ ಬಿಡುವುದಕ್ಕೆ ಒಂದು ವರ್ಷ ಮುಂಚೆ ಕೆಟ್ಟ ಜ್ವರ ಬಂದಿತ್ತು. ಜ್ವರ ಇಳಿದಾಗ ವಾಸನೆಯೂ ಹೋಗಿತ್ತು. ಉಪ್ಪು, ಸಿಹಿ, ಹುಳಿ, ಖಾರದ ಉರಿ ಇಷ್ಟು ಗೊತ್ತಾಗುತ್ತಿತ್ತು. ಮಿಕ್ಕಿದ್ದೆಲ್ಲ ಒದ್ದೆ ಬಟ್ಟೆ ಅಗಿದ ಹಾಗೆ. ಯಾರಿಗೂ ಹೇಳದೆ ಕೈ ಅಳತೆಯ ಮೇಲೆ, ಉಣ್ಣುವವರ ಮುಖ ನೋಡಿಕೊಂಡು ದಿನ ತಳ್ಳಿದ. ಒಂದು ದೊಡ್ಡ ಊಟದ ದಿನ ಹಳಸಿದ ಮಾಂಸ ಬೇಯಿಸಿಬಿಟ್ಟಿದ್ದ. ಬಡಿಸುವವನು ಮೂಸಿ ನೋಡಿದ್ದರಿಂದ ಪಾರಾಯಿತು. ಅದಾದ ಮೇಲೆ ಅವನೇ ಹೋಗಿ ಕಾಲು ನೋವು ಅಂತ ಹೇಳಿ ಬಿಡುಗಡೆ ಕೇಳಿಕೊಂಡ.

ಸಪ್ಪಲಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಒಂದೇ ಸೂರಿನಡಿ ಇದ್ದು ಇಷ್ಟು ಹೇಳಲಾರದೆ ಹೋದನಲ್ಲ, ತಾನು ಪ್ರತಿ ಊಟದಲ್ಲೂ ಸಣ್ಣವಳಾಗುತ್ತಾ ಬಂದೆನಲ್ಲ ಎಂದು. ಘಮಘಮಿಸುವ ಹೊಸ ಸೊಗಡವರೆಯ ರಾಶಿಯ ಮುಂದೆ ಇಡೀ ಮಧ್ಯಾಹ್ನ ಕೂತು ಕಾಯಿ ಸುಲಿದವನು ಏನೊಂದೂ ಆಡದೆ ಎದ್ದು ಹೋಗಿದ್ದು ಕಣ್ಣ ಮುಂದೆ ಬಂತು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದನ್ನು ಹೊತ್ತುಕೊಂಡಿರುವುದೂ ಒಂದು ಕೆಲಸವೇ. ಅವಳು ಕರಕಲು ಪಾತ್ರೆಗೆ ನೀರು ಸುರಿದು ಅಲ್ಲೇ ಕೂತಳು.

“ಆಗಲ್ಲ ಅಂತ ಹೇಳಿ ವಾಪಸ್ ಕಳ್ಸಿದ್ರೆ ಆಯ್ತು,” ಎಂದಳು.

“ಏನಂತ ಹೇಳ್ಲಿ? ಆ ಹುಡುಗ ಸಣ್ಣವನಿದ್ದಾಗ್ಲಿಂದ ನನ್ ಕೈಲಿ ತಿಂದವ್ನೆ.”

ಹೊರಗೆ ಕಣದಲ್ಲಿ ಆಳುಗಳು ಅವಳ ದಾರಿ ಕಾಯುತ್ತಿದ್ದರು. ಸಪ್ಪಲಮ್ಮ ಬಾಗಿಲ ಕಡೆ ಒಮ್ಮೆ ನೋಡಿ, “ಮೂಗು ನಂದೈತೆ. ಏನ್ ಮಾಡ್ಬೇಕೋ ಹೇಳು,” ಎಂದಳು.

ಪಕ್ಕದ ಮನೆ ಬೈರಮ್ಮನಿಂದ ಬೇರೆ ಕೆನೆ ತಂದಳು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಇಳಿಸಿ, ಚಾಕಲೇಟಿನ ಮೇಲೆ ಸುರಿದು, ಮುಟ್ಟದೆ ಬಿಡಬೇಕು. ಆಮೇಲೆ ನಡುವಿನಿಂದ ಶುರುಮಾಡಿ ಮೆಲ್ಲಗೆ ತಿರುವಬೇಕು. ಲಕ್ಷ್ಮಯ್ಯ ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ಚಾಕಲೇಟು ಕರಗಿ ಎಣ್ಣೆ ಹಚ್ಚಿದ ಕಲ್ಲಿನಂತೆ ಹೊಳೆಯಿತು. ಗೋಡಂಬಿ ಪೊಟ್ಟಣ ಬಿಚ್ಚಿದರೆ ಅರ್ಧಕ್ಕೆ ಹುಳ ಹಿಡಿದಿತ್ತು. ಆರಿಸಿ ಉಳಿದದ್ದು ಸಾಲದು. ಸಪ್ಪಲಮ್ಮ ಅಟ್ಟದಿಂದ ಮನೆಯ ಕಡಲೆಕಾಯಿ ಬೀಜ ಇಳಿಸಿ, ಎರಡನ್ನೂ ಬಾಣಲೆಯಲ್ಲಿ ಹುರಿದಳು. ಮೆಸ್ಸಿನ ಟ್ರಪ್ಪಲ್ಲಿಗೆ ಕಡಲೆಕಾಯಿ ಹಾಕುವುದುಂಟೇ ಎಂದು ಲಕ್ಷ್ಮಯ್ಯ ಗೊಣಗಿದ. ಇದು ಮೆಸ್ಸಲ್ಲ ಎಂದಳು ಅವಳು. ಘಮ ಬಂದ ಕ್ಷಣಕ್ಕೆ ಇಳಿಸಿ, ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿ, ಒಂದಿಷ್ಟು ಎತ್ತಿಟ್ಟು ಮಿಕ್ಕಿದ್ದನ್ನು ಚಾಕಲೇಟಿಗೆ ಬೆರೆಸಿದಳು.

ರಮ್ಮು ಹಾಕುವುದು ಪಾತ್ರೆ ಕೈಗೆ ತಣ್ಣಗೆ ತಾಕಿದ ಮೇಲೆ. ಬಿಸಿಗೆ ಹಾಕಿದರೆ ಘಾಟು ಗಾಳಿಗೆ ಹೋಗುತ್ತದೆ. ಅವಳೇ ಹೋಗಿ ಕೊಟ್ಟಿಗೆಯಿಂದ ಬಾಟಲಿ ತಂದಳು. ಮುಚ್ಚಳ ತೆಗೆದಾಗ ಅಪ್ಪನ ವಾಸನೆ ಬರುತ್ತದೆ ಎಂದು ಮೈ ಬಿಗಿ ಹಿಡಿದಿದ್ದಳು. ಬಂದದ್ದು ಬೇರೆ. ಆಲೆಮನೆಯಲ್ಲಿ ಬೆಲ್ಲ ಹದ ಮೀರಿದಾಗ ಏಳುವಂಥ ವಾಸನೆ, ಅದರ ಹಿಂದೆ ಘಾಟು. ಲಕ್ಷ್ಮಯ್ಯ ಅಳೆದು ಸುರಿದು ತಿರುವಿದ. ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಅವಳ ಕಡೆ ಚಾಚಿದ. ಸಪ್ಪಲಮ್ಮ ಕಣ್ಣು ಮುಚ್ಚಿ ನಾಲಿಗೆಗೆ ಇಟ್ಟುಕೊಂಡಳು.

“ಮೊದ್ಲು ಏನ್ ಬಂತು?”

“ಕಹಿ. ಆಮೇಲೆ ಸಿಹಿ. ಕಡಲೆಕಾಯಿ ಹಲ್ಲಿಗೆ ಸಿಕ್ತು.”

“ಕೊನೇಲಿ?”

“ಏನೂ ಇಲ್ಲ.”

“ಗಂಟಲಲ್ಲಿ ಬಿಸಿ ಆಗ್ಬೇಕು,” ಎಂದು ಅವನು ಇನ್ನಷ್ಟು ಸುರಿದ. ಎರಡನೇ ಸಲ ಬಿಸಿಯಾಯಿತು. ಮೂರನೇ ಸಲ ಕಹಿ ನಾಲಿಗೆಯ ಮೇಲಿಂದ ಬೇಗ ಇಳಿಯಿತು, ಬೀಜದ ಕಂಪು ನಿಂತಿತು, ಎದೆಯವರೆಗೆ ಬೆಚ್ಚಗಾಯಿತು. ಸಾಕು ಎಂದಳು. ತಲೆ ಹಗುರಾದಂತೆನಿಸಿ ಗೋಡೆಗೆ ಒರಗಿದಳು. ಅಪ್ಪ ಇದಕ್ಕೇ ಸತ್ತನೇ ಎಂದು ಯೋಚನೆ ಬಂತು. ಅವನ ಮೇಲೆ ಎಂದೂ ಬಾರದ ಕನಿಕರ ಅಷ್ಟು ಹೊತ್ತು ಬಂದು, ಹೋಯಿತು.

ಪಾತ್ರೆಯನ್ನು ನೀರಿನ ಗಡಿಗೆಯ ಕೆಳಗಿನ ಒದ್ದೆ ಮರಳಿನಲ್ಲಿ ಹೂತಿಟ್ಟು, ಮರುದಿನ ಬೆಳಗಿನ ಚಳಿಯಲ್ಲಿ ಇಬ್ಬರೂ ಉಂಡೆ ಕಟ್ಟಲು ಕೂತರು. ಮುದ್ದೆ ಕಟ್ಟಿ ಅಭ್ಯಾಸವಾದ ಅವಳ ಕೈಗೆ ಉಂಡೆ ದಪ್ಪ ದಪ್ಪವಾಗಿ ಬಂದವು. ಲಕ್ಷ್ಮಯ್ಯ ನಕ್ಕ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ಅಂಗೈ ಬಿಸಿಗೆ ಕರಗುತ್ತೆ, ತಣ್ಣೀರಲ್ಲಿ ಕೈ ಅದ್ದಿ ಒರೆಸಿಕೊಂಡು ಬೆರಳ ತುದಿಯಲ್ಲೇ ಹೊರಳಿಸು ಎಂದು ತೋರಿಸಿಕೊಟ್ಟ. ಕೆಲವನ್ನು ಕೋಕೋ ಪುಡಿಯಲ್ಲಿ, ಕೆಲವನ್ನು ಬೀಜದ ತರಿಯಲ್ಲಿ ಹೊರಳಿಸಿ ಅಮ್ಮಾವರು ಕಳಿಸಿದ್ದ ಬಿಸ್ಕತ್ ಡಬ್ಬಿಗೆ ತುಂಬಿದರು. ಪಾಪಯ್ಯ ಬಂದು ಒಯ್ದ. ಸಪ್ಪಲಮ್ಮ ಸೊಂಟ ಹಿಡಿದುಕೊಂಡು ಕಣಕ್ಕೆ ಹೋದಳು.

ಬೇಸಿಗೆ ಶುರುವಾದಾಗ ಕ್ಯಾಪ್ಟನ್ನೇ ಬಂದ. ಕಂಕುಳಲ್ಲಿ ಊರುಗೋಲು, ತೆಳ್ಳಗಾಗಿ ಕಪ್ಪಿಟ್ಟ ಮುಖ. ಜಗಲಿಯ ಮೇಲೆ ಕೂತು, ವಾರ್ಡಿನವರೆಲ್ಲ ಹಂಚಿಕೊಂಡು ತಿಂದೆವು ಎಂದು ಹೇಳಿದ. ಈ ಸಲದ್ದರ ರುಚಿಯೇ ಬೇರೆ, ಮುಂಚಿನದಕ್ಕಿಂತ ಚೆನ್ನಾಗಿತ್ತು, ಏನು ಮಾಡಿದೆ ಎಂದು ಕೇಳಿದ. ಮಜ್ಜಿಗೆ ಲೋಟ ಹಿಡಿದ ಸಪ್ಪಲಮ್ಮ ಬಾಗಿಲಲ್ಲೇ ನಿಂತಳು. ಗಂಡ ಏನಾದರೂ ಹೇಳಿ ಮಾತು ತೇಲಿಸುತ್ತಾನೆ ಎಂದುಕೊಂಡಳು.

ಲಕ್ಷ್ಮಯ್ಯ ಚಾಚಿದ್ದ ಕಾಲು ಮಡಚಿಕೊಂಡು ನೆಟ್ಟಗೆ ಕೂತ. “ನಾನಲ್ಲ ಸಾಹೇಬ್ರೆ, ಇವಳು ಮಾಡಿದ್ದು,” ಎಂದ. “ನಂಗೆ ವಾಸ್ನೆ, ರುಚಿ ಎರಡೂ ಹೋಗಿ ಮೂರು ವರ್ಷ ಆಯ್ತು. ಯಾರ್ಗೂ ಹೇಳಿರ್ಲಿಲ್ಲ.”

ಕ್ಯಾಪ್ಟನ್ ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. “ನನ್ನ ಈ ಪಾದಕ್ಕೂ ಏನೂ ಗೊತ್ತಾಗಲ್ಲ ಲಕ್ಷ್ಮಯ್ಯ. ನೆಲ ಮುಟ್ತೋ ಇಲ್ವೋ ಅಂತ ಕಣ್ಣಲ್ಲಿ ನೋಡ್ಕೊಂಡು ನಡೀಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.”

ಸಪ್ಪಲಮ್ಮ ಮಜ್ಜಿಗೆ ಕೊಟ್ಟಳು, ಅವನು ಕುಡಿದ. ಹೊರಡುವಾಗ ಅವಳಿಗೆ ಕೈ ಮುಗಿದ.

ಅಲ್ಲಿಂದಾಚೆ ಪ್ರತಿ ವರ್ಷ ಚಳಿಗಾಲಕ್ಕೆ ಜೀಪು ಬರುತ್ತಿತ್ತು. ಬಾಟಲಿ ಈಗ ಮನೆಯೊಳಗೇ ಇರುತ್ತಿತ್ತು. ಗೋಡಂಬಿಯ ಜೊತೆ ಕಡಲೆಕಾಯಿಯೂ ಇರಲಿ ಎಂದು ಅಮ್ಮಾವರು ಹೇಳಿ ಕಳಿಸುತ್ತಿದ್ದರು. ಊರಿನಲ್ಲಿ ಬೈರಮ್ಮನೂ ಮತ್ತಿಬ್ಬರೂ ಸಪ್ಪಲಮ್ಮನ ಮನೆಯಲ್ಲಿ ಹೆಂಡದ ಉಂಡೆ ಕಟ್ಟುತ್ತಾರೆ ಎಂದು ಆಡಿಕೊಂಡರು, ಆಮೇಲೆ ಅವರೇ ಒಂದೊಂದು ಕೇಳಿ ತಿಂದರು. ಗಂಡ ಹೆಂಡತಿ ಒಲೆಯ ಮುಂದೆ ಕೂತು ಅವನು ಕೇಳಿದ್ದಕ್ಕೆ ಇವಳು ಉತ್ತರ ಹೇಳುವುದು ರೂಢಿಯಾಯಿತು. ಅದು ಅವಳಿಗೆ ಹಿತವಾಗಿಯೇ ಇತ್ತು. ಆದರೆ ವರ್ಷ ವರ್ಷಕ್ಕೆ ಮಂಡಿ ಬಿಗಿಯಾಯಿತು, ಬೆರಳ ಗೆಣ್ಣು ಊದಿಕೊಂಡಿತು, ಕೆಲಸವಂತೂ ಕಡಿಮೆಯಾಗಲಿಲ್ಲ.

ಎಪ್ಪತ್ತೇಳರ ಡಿಸೆಂಬರಿನಲ್ಲಿ ಪಾಪಯ್ಯ ಬಂದಾಗ ಅವಳು ಅವನಿಗೆ ಊಟಕ್ಕಿಟ್ಟಳು. ಅವನು ಕೈ ತೊಳೆದು ಬಂದ ಮೇಲೆ, “ಇನ್ನು ಆಗಾಕಿಲ್ಲಪ್ಪ,” ಎಂದಳು. “ಸಪ್ಪಲಮ್ಮಂಗೆ ಸಾಕಾಗೈತಂತೆ ಅಂತ ಹೇಳು ಅಮ್ಮಾವ್ರಿಗೆ. ಕೋಪ ಮಾಡ್ಕೋಬಾರ್ದು.”

ಪಾಪಯ್ಯ ಲಕ್ಷ್ಮಯ್ಯನ ಕಡೆ ನೋಡಿದ. ಲಕ್ಷ್ಮಯ್ಯ ಹೌದೆಂದು ತಲೆಯಾಡಿಸಿದ. ಜೀಪು ತಂದ ಸಾಮಾನಿನ ಸಮೇತ ಹೊರಟಿತು. ಅಂಗಳದಲ್ಲಿ ರಾಗಿ ಒಣಗಿಸಲು ಹರವಿತ್ತು. ಲಕ್ಷ್ಮಯ್ಯ ಒಂದು ಕಡ್ಡಿ ಹಿಡಿದು ಕೋಳಿ ಓಡಿಸಲು ಕೂತ. ಸಪ್ಪಲಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ಹಾಡುಹಗಲಿನಲ್ಲೇ, ಹಸುಗಳು ಮನೆಗೆ ಬರುವವರೆಗೂ ನಿದ್ದೆ ಮಾಡಿದಳು.