ಜೀಪಿನ ಬಾಯಾರಿಕೆ

ನಮ್ಮ ಹಲಸಿನಸರದಿಂದ ಸಾಗರಕ್ಕೆ ಹೊರಟರೆ ಡಾಂಬರು ರಸ್ತೆ ಸೇರುವ ಮೊದಲು ಒಂದು ಹಳ್ಳ ಸಿಗುತ್ತದೆ. ಹಳ್ಳದ ಪಕ್ಕ ಮತ್ತಿ ಮರ, ಮರದ ಬುಡದಲ್ಲಿ ಕುಂಕುಮ ಬಳಿದ ಚೌಡಿ ಕಲ್ಲು. ಅಲ್ಲಿ ಸುಮ್ಮನೆ ದಾಟಿ ಹೋಗುವವರು ನಮ್ಮ ಕಡೆ ಯಾರೂ ಇಲ್ಲ. ಬೈಕಿನವರು ಹಾರ್ನ್ ಹೊಡೆದು ಎದೆ ಮುಟ್ಟಿಕೊಳ್ಳುತ್ತಾರೆ, ಲಾರಿಯವರು ಇಳಿದು ಊದುಬತ್ತಿ ಹಚ್ಚುತ್ತಾರೆ. ಕನ್ನಪ್ಪಣ್ಣ ಮಾತ್ರ ತನ್ನ ಜೀಪಿನ ಬಾನೆಟ್ ಎತ್ತಿ, ಹಳ್ಳದ ನೀರನ್ನು ಕ್ಯಾನಿನಲ್ಲಿ ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದ. ಚೌಡಿಯ ನೀರು ಕುಡಿದ ಗಾಡಿ ದಾರಿಯಲ್ಲಿ ಕೈಕೊಡುವುದಿಲ್ಲ ಎಂದು ಹಳೆಯ ಡ್ರೈವರುಗಳು ಅವನಿಗೆ ಹೇಳಿಕೊಟ್ಟಿದ್ದರು. ಅವನು ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ.

ನಾನು ಸಾಗರದ ಒಂದು ಬಟ್ಟೆ ಅಂಗಡಿಯಲ್ಲಿ ರವಿಕೆ ಹೊಲಿಯುವವಳು. ಬಸ್ಸಿಗೆ ಕಾಯುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಹಾಗಾಗಿ ವಾರದಲ್ಲಿ ಮೂರು ದಿನ ಕನ್ನಪ್ಪಣ್ಣನ ಜೀಪಿನ ಮುಂದಿನ ಸೀಟು ನನ್ನದು. ಹಿಂದಿನ ಉದ್ದ ಸೀಟಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅವನ ಹೆಂಡತಿ ಮೂಕಮ್ಮಕ್ಕ. ಅವಳ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ಸಾಗರದಲ್ಲಿ ಡಯಾಲಿಸಿಸ್ ಆಗಬೇಕು, ವಾರಕ್ಕೆ ಮೂರು ಸಲ, ಬದುಕಿರುವಷ್ಟು ದಿನ.

ಕನ್ನಪ್ಪಣ್ಣ ಒಂದು ಕಾಲಕ್ಕೆ ಹೊಸನಗರದ ತನಕ ಸರ್ವಿಸ್ ಹೊಡೆಯುತ್ತಿದ್ದವನು. ಒಳಗೆ ಕೂತವರು, ಹಿಂದೆ ಜೋತಾಡುವವರು, ಮೇಲೆ ಅಕ್ಕಿ ಮೂಟೆ, ಕೋಳಿ ಬುಟ್ಟಿ. ಸುತ್ತಲಿನ ಊರುಗಳ ಮದುಮಕ್ಕಳು, ಬಸುರಿಯರು, ಹೆಣಗಳು ಎಲ್ಲ ಆ ಜೀಪಿನಲ್ಲೇ ಹೋಗಿ ಬಂದದ್ದು. ಈಗ ಮನೆಗೊಂದು ಬೈಕು ಬಂದು ಅವನನ್ನು ಕರೆಯುವವರೇ ಇಲ್ಲ. ಊರನ್ನೆಲ್ಲ ಹೊತ್ತ ಜೀಪಿಗೆ ಉಳಿದದ್ದು ಮೂಕಮ್ಮಕ್ಕ ಒಬ್ಬಳೇ. ನಾನು ಲೆಕ್ಕಕ್ಕಿಲ್ಲ, ಬಿಟ್ಟಿ ಗಿರಾಕಿ.

ಮೂಕಮ್ಮಕ್ಕನಿಗೆ ಡಾಕ್ಟರು ನೀರಿಗೆ ಅಳತೆ ಹಾಕಿದ್ದರು. ಚಹಾ, ಗಂಜಿ ಎಲ್ಲ ಸೇರಿ ದಿನಕ್ಕೆ ಎರಡು ಲೋಟ. ಹೆಚ್ಚು ಕುಡಿದರೆ ಕಾಲು ಊದುತ್ತದೆ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆಕಾಶವೇ ತೂತು ಬಿದ್ದ ಹಾಗೆ ಸುರಿಯುವ ನಮ್ಮೂರಿನಲ್ಲಿ ಒಬ್ಬಳು ಗಂಟಲು ಒಣಗಿಸಿಕೊಂಡು ಬದುಕಬೇಕೆಂದರೆ ಅದೆಂಥ ಶಿಕ್ಷೆಯೋ, ನನಗೆ ಯೋಚಿಸಿದರೂ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಬೇಡಿ.

ಹಳ್ಳದ ಹತ್ತಿರ ಜೀಪು ನಿಂತ ಕೂಡಲೇ ಅವಳು ಮೊಣಕೈ ಊರಿ ಎದ್ದು ಕೂರುತ್ತಿದ್ದಳು. ಗಂಡ ನೀರು ಹೊಯ್ಯುವ ಗುಳುಗುಳು ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಸಮಾ ಕುಡ್ಸಿ ಅದಕ್ಕೆ. ನನ್ನ ಪಾಲಿಂದೂ ಅದಕ್ಕೇ ಹೊಯ್ರಿ" ಎನ್ನುತ್ತಿದ್ದಳು.

"ಕುಡೀತದೆ ಮಾರಾಯ್ತಿ, ಇವತ್ತು ಕ್ಯಾನು ಪೂರ್ತಿ ಖಾಲಿ."

"ನೋಡು ಸುಷ್ಮಾ, ಅದಕ್ಕೆಷ್ಟು ಬಾಯಾರಿಕೆ" ಎಂದು ನನ್ನ ಕಡೆ ತಿರುಗಿ ನಗುತ್ತಿದ್ದಳು. ದಿನದಲ್ಲಿ ಅವಳು ನಗುತ್ತಿದ್ದದ್ದು ಅದೊಂದೇ ಸಲ.

ಜೀಪಿನ ಬಾಯಾರಿಕೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಹೋಯಿತು. ಮೊದಲು ಅರ್ಧ ಕ್ಯಾನು, ಆಮೇಲೆ ಒಂದು, ಆಮೇಲೆ ಬರುವಾಗಲೂ ಒಂದು. ಇಷ್ಟು ನೀರು ಹೋಗುವುದೆಲ್ಲಿಗೆ ಎಂದು ನಾವು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂಕಮ್ಮಕ್ಕನಿಗಂತೂ ಅದು ಕುಡಿದಷ್ಟೂ ಸಂತೋಷ.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟೆಮಲ್ಲಪ್ಪದ ಏರಿನಲ್ಲಿ ಜೀಪು ಬುಸುಗುಟ್ಟಿತು. ಬಾನೆಟ್ ಸಂದಿನಿಂದ ಹಬೆ, ಹಿಂದಿನಿಂದ ಬೆಳ್ಳನೆ ಹೊಗೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವತ್ತು ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನಿನಲ್ಲಿ ಮೂಕಮ್ಮಕ್ಕನನ್ನು ಕ್ಯಾನುಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿದೆವು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಸಾಗರಕ್ಕೆ ಎಳೆದು ತಂದರು.

ಗ್ಯಾರೇಜಿನ ಪೂರ್ಣೇಶ್ ಆಯಿಲ್ ಕಡ್ಡಿ ಎಳೆದು ತೋರಿಸಿದ. ಕಪ್ಪಗಿರಬೇಕಾದ ಆಯಿಲ್ ನೀರು ಸೇರಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ಬಿಚ್ಚಿದ ಮೇಲೆ ನಾನೂ ಹೋಗಿ ನೋಡಿದೆ. ನೀರು ಓಡಾಡುವ ದಾರಿಯೆಲ್ಲ ಕೆಂಪು ತುಕ್ಕು, ಕೆಮ್ಮಣ್ಣು. ಬೆರಳಿನಿಂದ ಕೆರೆದರೆ ಕಬ್ಬಿಣ ಹಪ್ಪಳದಂತೆ ಏಳುತ್ತಿತ್ತು.

"ಕೂಲೆಂಟ್ ಹಾಕ್ತಿರ್ಲಿಲ್ವಾ ಕನ್ನಪ್ಪಣ್ಣ?"

"ಹಳ್ಳದ ನೀರು ಹಾಕ್ತಿದ್ದೆ. ಚೌಡಮ್ಮಂದು."

ಪೂರ್ಣೇಶ್ ಕೈ ಒರೆಸಿಕೊಂಡ. "ಆ ನೀರೇ ತಿಂದಿದ್ದು. ಇದನ್ನ ಸರಿ ಮಾಡಕ್ಕೆ ಬರಲ್ಲ. ಬೇರೆ ಎಂಜಿನ್ ಕೂರಿಸ್ಬೇಕು, ಇಲ್ಲ ಗುಜರಿಗೆ ಹಾಕಿ ಬೇರೆ ಗಾಡಿ ತಗೋಬೇಕು. ಎಂಜಿನ್ ಕೂರ್ಸಿದ್ರೂ ಇಷ್ಟು ದಿನ ಓಡ್ತದೆ ಅಂತ ನಾನು ಹೇಳಲ್ಲ."

ಗ್ಯಾರೇಜಿನಿಂದ ಹೊರಗೆ ಬಂದ ಮೇಲೆ ಕನ್ನಪ್ಪಣ್ಣ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ನೀರಿನ ವಿಷ್ಯ ಅವ್ಳಿಗೆ ಹೇಳ್ಬೇಡ ಸುಷ್ಮಾ."

ಅಂದಿನಿಂದ ಬಸ್ಸು. ಹೋಗುವಾಗ ಹೇಗೋ ಆಗುತ್ತಿತ್ತು. ಡಯಾಲಿಸಿಸ್ ಮುಗಿಸಿ ಬರುವಾಗ ಅವಳಿಗೆ ತಲೆ ನಿಲ್ಲುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದರೆ ಒಂದೊಂದು ಹೊಂಡಕ್ಕೂ ಅವಳ ಬಾಯಿಂದ ಸಣ್ಣ ನರಳಿಕೆ. ಒಂದು ದಿನ ದಾರಿಗೆ ಮರ ಬಿದ್ದು ಬಸ್ಸು ಬರಲೇ ಇಲ್ಲ. ಒಂದು ಸಲದ ಡಯಾಲಿಸಿಸ್ ತಪ್ಪಿತು. ಮರುದಿನಕ್ಕೆ ಅವಳ ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕನ್ನಪ್ಪಣ್ಣನ ಅಕ್ಕನ ಮಗ ಕುಮಾರ ಹೊಸನಗರದಿಂದ ಆಟೋ ತಂದು ಕರೆದುಕೊಂಡು ಹೋದ. ಎದೆ ಸೋತಿದೆ, ಇನ್ನೊಂದು ಸಲ ತಪ್ಪಿಸಿದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು.

ಹಾಗಾಗಿ ತೀರ್ಮಾನ ಬೇಗ ಆಗಬೇಕಿತ್ತು. ಕುಮಾರ ಒಂದು ಹಳೆಯ ಸಣ್ಣ ಕಾರು ನೋಡಿ ಇಟ್ಟಿದ್ದ. ಮಾರನೇ ದಿನವೇ ತರಬಹುದಿತ್ತು. ಅದರಲ್ಲಿ ಕಾಲು ಮಡಚಿಕೊಂಡೇ ಮಲಗಬೇಕು, ಆದರೆ ಬಸ್ಸಿನ ಕಾಟವಿಲ್ಲ. ಎಂಜಿನ್ ಕೂರಿಸುವುದಾದರೆ ತೀರ್ಥಹಳ್ಳಿಯಲ್ಲಿ ಒಡೆದು ಹಾಕಿದ್ದ ಜೀಪೊಂದರದ್ದು ಸಿಗುವಂತಿತ್ತು. ಅದು ಬಂದು, ಕೂತು, ಜೀಪು ರಸ್ತೆಗೆ ಇಳಿಯುವ ತನಕ ಮತ್ತೆ ಬಸ್ಸೇ ಗತಿ. ಎರಡನ್ನೂ ಮಾಡುವ ಶಕ್ತಿ ಅವನಿಗಿರಲಿಲ್ಲ. ಕಾರೇ ಸರಿ ಎಂದು ನಾನು ಜಗಳಕ್ಕೇ ನಿಂತೆ. ಕನ್ನಪ್ಪಣ್ಣನೂ ಒಪ್ಪಿದ್ದ. ಆಗ ಕುಮಾರನ ಬಾಯಿ ಸುಮ್ಮನಿರಬೇಕಲ್ಲ.

ಜಗಲಿಯಲ್ಲಿ ಕೂತು ಅವನು ದೊಡ್ಡ ದನಿಯಲ್ಲಿ ಹೇಳಿದ: "ಇನ್ನೂ ಎಂತಕ್ಕೆ ಯೋಚ್ನೆ ಮಾವ? ಒಳಗೆಲ್ಲ ಹಾಳಾದ್ಮೇಲೆ ಎಷ್ಟು ಸುರಿದ್ರೂ ಅಷ್ಟೇ. ಇವತ್ತಲ್ಲ ನಾಳೆ ಕೈ ಬಿಡೋದೇಯ. ಬಿಟ್ಟಾಕಿ ಅತ್ಲಾಗೆ."

ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದಿಂದ ಮೂಕಮ್ಮಕ್ಕನ ದನಿ ಬಂತು, ಸಿಟ್ಟಿಲ್ಲದ ದನಿ.

"ಅವ್ನು ಹೇಳದು ಸರಿ ಅದೆ. ಎರಡ್ನೂ ಬಿಟ್ಟಾಕ್ರಿ. ನಿಮಗೂ ಸಾಕಾಗಿದೆ."

ಕುಮಾರನ ಮುಖ ಇಂಗು ತಿಂದ ಮಂಗನಂತಾಯಿತು. "ಅತ್ತೆ, ನಾ ಜೀಪಿಂದು ಹೇಳಿದ್ದು" ಎಂದು ತೊದಲಿದ. ಅದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕನ್ನಪ್ಪಣ್ಣ ಎದ್ದು ಅಂಗಳಕ್ಕೆ ಹೋಗಿ, ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಪೂರ್ಣೇಶನಿಗೆ ಫೋನ್ ಮಾಡಿದ. ಎಂಜಿನ್ ತರಿಸಲು ಹೇಳಿದ. ಒಳಗಿದ್ದವಳಿಗೆ ಕೇಳಿಸಲಿ ಎಂದೇ ಕೂಗಿ ಹೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಮನಸ್ಸು ಉಳಿಸಲು ಹೋಗಿ ಜೀವ ಪಣಕ್ಕಿಡುತ್ತಿದ್ದಾನೆ ಎಂದು ಮುಖಕ್ಕೇ ಹೇಳಿದೆ. ಅವನ ಜಾಗದಲ್ಲಿ ನಾನಿದ್ದರೆ ಕಾರು ತರಿಸುತ್ತಿದ್ದೆನೇ? ಈಗಲೂ ಎದೆ ಮುಟ್ಟಿ ಹೇಳಲಾರೆ.

ಎಂಜಿನ್ ಬರುವುದು ಇವತ್ತು, ನಾಳೆ ಎಂದು ಎಳೆಯಿತು. ಬಸ್ಸಿನ ಒಂದೊಂದು ಪ್ರಯಾಣಕ್ಕೂ ಮೂಕಮ್ಮಕ್ಕ ಒಂದೊಂದು ಸುತ್ತು ಇಳಿದಳು. ನಾನೇ ಹೊಲಿದುಕೊಟ್ಟ ರವಿಕೆ ಭುಜದಿಂದ ಜಾರುತ್ತಿತ್ತು. ಎರಡು ಸಲ ಹಿಡಿದು ಹೊಲಿದೆ, ಮೂರನೇ ಸಲ ಹಿಡಿಯಲು ಮನಸ್ಸು ಬರಲಿಲ್ಲ. ಬಸ್ಸು ಹಳ್ಳ ದಾಟುವಾಗ ಮಾತ್ರ ಕಿಟಕಿಯ ಕಡೆ ಕತ್ತು ತಿರುಗಿಸಿ, "ಪಾಪ, ಅದು ಅಲ್ಲಿ ಒಣಗ್ತಾ ಕೂತದೆ" ಎನ್ನುತ್ತಿದ್ದಳು. ಹೌದಕ್ಕ ಎನ್ನುತ್ತಿದ್ದೆ.

ಕೊನೆಗೂ ಜೀಪು ಬಂತು. ಸದ್ದು ಬೇರೆಯಾಗಿತ್ತು, ಯಾರದೋ ಮನೆಯ ಜೀಪಿನ ಸದ್ದು. ರೇಡಿಯೇಟರಿನಲ್ಲಿ ನೀರಿನ ಬದಲು ಹಸಿರು ಬಣ್ಣದ ಕೂಲೆಂಟ್. "ಇನ್ಮೇಲೆ ಹಳ್ಳದ ನೀರು ಒಂದು ಹನಿ ಹಾಕಿದ್ರೂ ನನ್ನ ಹತ್ರ ಬರಬೇಡಿ" ಎಂದು ಪೂರ್ಣೇಶ್ ಕೈಮುಗಿದು ಕಳಿಸಿದ್ದ.

ಮೊದಲ ದಿನ ಕನ್ನಪ್ಪಣ್ಣನೂ ನಾನೂ ಅವಳನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. ಕೂಸಿನಷ್ಟು ಹಗುರ. ಜೀಪು ಹತ್ತಿದ್ದಕ್ಕೆ ಅವಳ ಮುಖದಲ್ಲಿ ಒಂದಿಷ್ಟು ಕಳೆ ಬಂದಿತ್ತು. ಹಳ್ಳ ಹತ್ತಿರವಾದಂತೆ ಕನ್ನಪ್ಪಣ್ಣನ ಕಾಲು ಬ್ರೇಕಿಗೆ ಹೋಗುವುದು, ಹಿಂದೆ ಬರುವುದು ನನಗೆ ಕಾಣುತ್ತಿತ್ತು.

"ನಿಲ್ಸಿ ಮತ್ತೆ. ಎಷ್ಟು ದಿನ ಆಯ್ತು ಅದು ಕುಡ್ದು" ಎಂದಳು ಹಿಂದಿನಿಂದ.

ಅವನು ನಿಲ್ಲಿಸಿದ. ಕ್ಯಾನು ಹಿಡಿದು ಇಳಿದ, ಚೌಡಿಗೆ ಕೈಮುಗಿದ, ನೀರು ತುಂಬಿಕೊಂಡು ಬಂದು ಬಾನೆಟ್ ಎತ್ತಿದ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಅವನ ಮುಖ ಕಾಣಲಿಲ್ಲ. ಪಕ್ಕಕ್ಕೆ ವಾಲಿದ ಕ್ಯಾನು ಮಾತ್ರ ನನಗೆ ಕಂಡಿತು. ಅವನು ನೀರನ್ನು ಮೆಲ್ಲಗೆ, ಆದಷ್ಟು ಸದ್ದಾಗದಂತೆ, ಚಕ್ರದ ಪಕ್ಕ ನೆಲಕ್ಕೆ ಸುರಿಯುತ್ತಿದ್ದ.

ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆ ಗುಳುಗುಳು ಸದ್ದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೆಲಕ್ಕೆ ಬಿತ್ತಲ್ಲ ಸುಷ್ಮಾ" ಎಂದಳು.

ನಾನು ಕುತ್ತಿಗೆ ತಿರುಗಿಸಲಿಲ್ಲ.

"ಅದಕ್ಕೂ ನೀರು ಬ್ಯಾಡ ಅಂದ್ರಾ?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಒಂದೂ ಹೊಳೆಯಲಿಲ್ಲ. ಬೇರೆ ಹೊತ್ತಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಕಿರುಚುವ ಬಾಯಿ ಇದು.

"ಹಂಗಾರೆ ನಾ ಕುಡ್ಸಿದ್ದೇ ಅದನ್ನ ತಿಂದಿದ್ದು" ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಕನ್ನಪ್ಪಣ್ಣ ಬಾನೆಟ್ ಮುಚ್ಚಿ, ಖಾಲಿ ಕ್ಯಾನು ಅಲ್ಲಾಡಿಸುತ್ತಾ ಬಂದು ಕೂತ. "ಪೂರ್ತಿ ಕುಡೀತು ಮಾರಾಯ್ತಿ" ಎಂದ.

"ಕುಡೀಲಿ" ಎಂದಳು ಅವಳು. ಅವನಿಗಾಗಿ ನಗಲೂ ನೋಡಿದಳು.

ಅದರ ಮುಂದಿನ ಸಲ ಮತ್ತಿ ಮರ ಕಂಡ ಕೂಡಲೇ ಕನ್ನಪ್ಪಣ್ಣ ಗೇರ್ ಇಳಿಸಿ ಜೀಪನ್ನು ಪಕ್ಕಕ್ಕೆ ತಂದ. ಮೂಕಮ್ಮಕ್ಕ ಎದ್ದು ಕೂರಲಿಲ್ಲ. ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದ್ದಳು.

"ನಿಲ್ಸಬೇಡಿ. ಹೋಗ್ರಿ" ಎಂದಳು.